ಮೂರನೆಯ ಸಲ ಲಿಥಿಯಂ: ನನ್ನ ಅನುಭವ

ಬೈಪೋಲಾರ್ ಕಾಯಿಲೆಗೆ, ಅಂದರೆ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಮನೋರೋಗಕ್ಕೆ, ಮೂರನೆಯ ಸಲ ಲಿಥಿಯಂ ಮಾತ್ರೆ ಶುರುಮಾಡಿದಾಗ ಅದು ಆರು ತಿಂಗಳೂ ನಿಲ್ಲುವುದಿಲ್ಲವೆಂದು ಭಾವ ನೇರವಾಗಿಯೇ ಹೇಳಿದ್ದರು. ಗುಂಪು ಚಿಕಿತ್ಸೆಗೆ ನನ್ನ ಜೊತೆ ಬರುತ್ತಿದ್ದ ಇಬ್ಬರು, ಅವರೂ ಬೈಪೋಲಾರ್ ಇದ್ದವರೇ, ದಿನದ ಮಾತ್ರೆಗಳನ್ನೆಲ್ಲ ರಾತ್ರಿ ಒಂದೇ ಸಲಕ್ಕೆ ನುಂಗುವ ಯೋಚನೆಯನ್ನು ಕೇಳಿ, ವಿಷವೇರಿ ಬೀಳುತ್ತೀರಿ ಎಂದು ಹೆದರಿಸಿದ್ದರು. ಈಗ ಒಂಬತ್ತು ವರ್ಷವಾಯಿತು. ಒಮ್ಮೆಯೂ ಆಸ್ಪತ್ರೆ ಸೇರಿಲ್ಲ, ಕೆಲಸ ಹೋಗಿಲ್ಲ, ಹಳೆಯ ಸಾಲವೂ ತೀರಿದೆ. ಲಿಥಿಯಂ ನುಂಗುತ್ತಿರುವವರಿಗೇ ಇದನ್ನು ಬರೆಯುತ್ತಿರುವುದರಿಂದ ಅದು ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆಗೆ ಹೋಗುವುದಿಲ್ಲ. ಅಂಕಿಗಳಲ್ಲಿ ಕೆಲವು ನನ್ನ ನೋಟುಪುಸ್ತಕದವು, ಉಳಿದವು ನೆನಪಿನಿಂದ ಹೇಳಿದವು.

ಮೊದಲ ಸಲ 300 ಮಿಲಿಗ್ರಾಂ ಮಾತ್ರೆಯನ್ನು ಮೂರು ಹೊತ್ತು ತೆಗೆದುಕೊಳ್ಳುತ್ತಿದ್ದೆ. ರಕ್ತದಲ್ಲಿನ ಲಿಥಿಯಂ ಮಟ್ಟ (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) 0.9ರ ಆಸುಪಾಸಿನಲ್ಲಿರುತ್ತಿತ್ತು. ಉನ್ಮಾದವೇನೋ ಇಳಿಯಿತು. ಆದರೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು, ಎದ್ದಾಗಲೆಲ್ಲ ಒಂದು ಚೆಂಬು ನೀರು ಕುಡಿಯುತ್ತಿದ್ದೆ, ಕುಡಿದ ನೀರು ಮತ್ತೆ ಎಬ್ಬಿಸುತ್ತಿತ್ತು. ಕೈನಡುಕ ಬೇರೆ. ಲೆಕ್ಕಪತ್ರದ ಕೆಲಸದವನಾದ ನನ್ನ ಸಹಿಯೇ ಬ್ಯಾಂಕಿನ ದಾಖಲೆಯ ಸಹಿಗೆ ಹೊಂದದೆ ಎರಡು ಚೆಕ್ಕುಗಳು ವಾಪಸು ಬಂದವು. ಹದಿನಾಲ್ಕು ತಿಂಗಳು ಹೇಗೋ ತಳ್ಳಿದೆ. ಮನಸ್ಸು ಸರಿಯಾಗಿಯೇ ಇದೆಯಲ್ಲ, ಇನ್ನು ಈ ಹಿಂಸೆ ಯಾಕೆ ಎಂದುಕೊಂಡು ಒಂದು ಭಾನುವಾರ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ. ಲಿಥಿಯಂ ಅನ್ನು ಒಮ್ಮೆಗೇ ಬಿಟ್ಟರೆ ಕಾಯಿಲೆ ಬೇಗ ಮರುಕಳಿಸುತ್ತದೆ, ಬಿಡಲೇಬೇಕಾದರೆ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಇಳಿಸಬೇಕು ಎಂಬುದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ.

ಐದನೆಯ ವಾರಕ್ಕೆ ನಿದ್ರೆ ಮೂರು ಗಂಟೆಗೆ ಇಳಿಯಿತು. ಮುಂದಿನ ಮೂರು ವಾರಗಳಲ್ಲಿ ನಾನು ಕರಗಿಸಿದ ಹಣ ಹೆಚ್ಚುಕಡಿಮೆ ಹನ್ನೊಂದು ತಿಂಗಳ ಸಂಬಳದಷ್ಟು. ಎರಡು ಕ್ಯಾಮೆರಾ ಕೊಂಡೆ, ಒಂದು ಹಳೆಯ ಮುದ್ರಣಯಂತ್ರಕ್ಕೆ ಮುಂಗಡ ಕೊಟ್ಟೆ, ಮುಖಪರಿಚಯವಷ್ಟೇ ಇದ್ದವರೊಬ್ಬರಿಗೆ ಪತ್ರವಿಲ್ಲದೆ ಸಾಲ ಕೊಟ್ಟೆ. ದಿನವಿಡೀ ಇನ್ನೊಬ್ಬರ ಲೆಕ್ಕ ತಿದ್ದುವವನ ಲೆಕ್ಕ ಇದು. ಮುಂಗಡ ವಾಪಸು ಬರಲಿಲ್ಲ. ಇದಕ್ಕೆಲ್ಲ ನಾನು ಮಾಡಿದ ಸಾಲಗಳನ್ನು ತೀರಿಸಲು ನಾಲ್ಕು ವರ್ಷ ಹಿಡಿಯಿತು.

ಆಮೇಲೆ ಲಿಥಿಯಂ ಬದಲು ವಾಲ್ಪ್ರೊಯೇಟ್ ಮತ್ತು ಒಲಾಂಜಪಿನ್ ಎಂಬ ಔಷಧಗಳು ಬಂದವು. ಒಲಾಂಜಪಿನ್ ನಾಲ್ಕೇ ದಿನಗಳಲ್ಲಿ ನನ್ನನ್ನು ನೆಲಕ್ಕಿಳಿಸಿತು, ಅದನ್ನು ಒಪ್ಪಬೇಕು. ಆದರೆ ಐದು ತಿಂಗಳಲ್ಲಿ ಸುಮಾರು ಹದಿನಾಲ್ಕು ಕಿಲೋ ತೂಕವನ್ನೂ ಏರಿಸಿತು. ಸಕ್ಕರೆಯ ಪ್ರಮಾಣ ಗಡಿಗೆ ಬಂದು ನಿಂತಿತು. ವಾಲ್ಪ್ರೊಯೇಟ್‌ನಿಂದ ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬರುತ್ತಿತ್ತು. ಕ್ವೆಟಿಯಾಪಿನ್ ಎರಡು ತಿಂಗಳು ತೆಗೆದುಕೊಂಡೆ, ಆ ಎರಡು ತಿಂಗಳೂ ಕಚೇರಿಗೆ ತಡವಾಗಿ ಹೋದೆ. ಇವೇ ಔಷಧಗಳಲ್ಲಿ ನೆಮ್ಮದಿಯಾಗಿರುವವರನ್ನು ನಾನು ಬಲ್ಲೆ. ನನ್ನ ಮೈಗೆ ಒಗ್ಗಲಿಲ್ಲ, ಅಷ್ಟೆ.

ಹೀಗಾಗಿ ಎರಡನೆಯ ಸಲ ಲಿಥಿಯಂಗೆ ಮರಳಿದೆ, ಮತ್ತು ಅದನ್ನು ಹಾಳುಮಾಡಿಕೊಂಡದ್ದು ನನ್ನದೇ ದಡ್ಡತನದಿಂದ. ಪರೀಕ್ಷೆಯ ದಿನ ಬೆಳಿಗ್ಗೆ ಎಂಟಕ್ಕೆ ಅಭ್ಯಾಸಬಲದಿಂದ ಮಾತ್ರೆ ನುಂಗಿ, ಹತ್ತಕ್ಕೆ ರಕ್ತ ಕೊಟ್ಟೆ. ಕೊನೆಯ ಮಾತ್ರೆಗೂ ರಕ್ತ ತೆಗೆಯುವುದಕ್ಕೂ ನಡುವೆ 12 ಗಂಟೆ ಇರಬೇಕೆಂಬುದು ನಮಗೆಲ್ಲ ಗೊತ್ತಿರುವುದೇ. ಆ ದಿನ ಮಾತ್ರ ಮರೆಯಿತು. ಹಾಗಾಗಿ ಮಟ್ಟ ಇರುವುದಕ್ಕಿಂತ ಹೆಚ್ಚಾಗಿ, 1.3 ಎಂದು ಬಂತು. ನಾನು ಬಾಯಿಬಿಡಲಿಲ್ಲ, ವೈದ್ಯರು ಮಾತ್ರೆಯನ್ನು 900ರಿಂದ 600ಕ್ಕೆ ಇಳಿಸಿದರು, ಆರು ವಾರಗಳಲ್ಲಿ ಉನ್ಮಾದದ ಸೂಚನೆಯಾಗಿ ಮಾತು ಜೋರಾಯಿತು. ಔಷಧವೇ ಸರಿಯಿಲ್ಲವೆಂದು ತೀರ್ಮಾನಿಸಿ ಏಳನೆಯ ತಿಂಗಳಲ್ಲಿ ಮತ್ತೆ ಬಿಟ್ಟೆ. ಆ ಸಲ ಉನ್ಮಾದಕ್ಕೆ ಏರುವುದಕ್ಕಿಂತ ಹೆಚ್ಚಾಗಿ ಖಿನ್ನತೆಗೆ ಇಳಿದೆ. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಮೂರನೆಯ ಸಲ ಹೊಸ ಮನೋವೈದ್ಯರ ಮುಂದೆ ಕುಳಿತು, ನನ್ನನ್ನು ಸೋಲಿಸುತ್ತಿರುವುದು ಕಾಯಿಲೆಗಿಂತ ಹೆಚ್ಚಾಗಿ ರಾತ್ರಿಯ ಮೂತ್ರ ಮತ್ತು ಹಗಲಿನ ಕೈನಡುಕ, ಮೊದಲು ಅವೆರಡನ್ನು ನೋಡಿ ಎಂದೆ. ಇಡೀ ಪ್ರಮಾಣವನ್ನು ರಾತ್ರಿ ಹತ್ತೂವರೆಗೆ ಒಂದೇ ಸಲ ತೆಗೆದುಕೊಳ್ಳಬಹುದೇ ಎಂದೂ ಕೇಳಿದೆ. ಇದು ನನ್ನ ಸಂಶೋಧನೆಯೇನಲ್ಲ, ಎಷ್ಟೋ ಕಡೆ ಹೀಗೆಯೇ ಕೊಡುತ್ತಾರೆ. ಮೂರು ಹೊತ್ತು ಸುರಿಯುವ ಬದಲು ದಿನದ ಬಹುಭಾಗ ಮೂತ್ರಪಿಂಡಕ್ಕೆ ಬಿಡುವು ಸಿಗುತ್ತದೆ ಎಂಬುದು ಅದರ ಲೆಕ್ಕಾಚಾರ. ವೈದ್ಯರು ಒಪ್ಪಿದರು, ಆದರೆ ಒಂದು ಎಚ್ಚರಿಕೆ ಕೊಟ್ಟರು: ಒಂದೇ ಸಲಕ್ಕೆ ತೆಗೆದುಕೊಂಡಾಗ, ದಿನದ ಪ್ರಮಾಣ ಅಷ್ಟೇ ಇದ್ದರೂ, ಹನ್ನೆರಡನೆಯ ಗಂಟೆಯ ಅಂಕಿ ಹಿಂದಿಗಿಂತ ಹೆಚ್ಚು ಬರುತ್ತದೆ, ಅದನ್ನು ಹಳೆಯ ವರದಿಯ ಪಕ್ಕದಲ್ಲಿಟ್ಟು ಗಾಬರಿಯಾಗಬಾರದು. ಮೂರು ಪರೀಕ್ಷೆಗಳ ನಂತರ 750 ಮಿಲಿಗ್ರಾಂಗೆ ಇಳಿಸಿ, ಮಟ್ಟವನ್ನು 0.65ರಲ್ಲಿ ನಿಲ್ಲಿಸಿದೆವು.

ಫಲ ಕೂಡಲೇ ಸಿಗಲಿಲ್ಲ. ರಾತ್ರಿ ಒಂದೇ ಸಲ ತೆಗೆದುಕೊಳ್ಳಲು ಶುರುಮಾಡುವ ಮುಂಚೆ 24 ಗಂಟೆಯ ಮೂತ್ರವನ್ನು ಅಳೆದಿಟ್ಟಿದ್ದೆ, ನಾಲ್ಕೂವರೆ ಲೀಟರ್ ಇತ್ತು. ಎರಡು ತಿಂಗಳ ನಂತರವೂ ನಾಲ್ಕೇ ಇತ್ತು, ಐದನೆಯ ತಿಂಗಳ ಹೊತ್ತಿಗೆ ಮೂರರ ಹತ್ತಿರಕ್ಕೆ ಬಂತು. ರಾತ್ರಿ ಒಂದೇ ಸಲ ಏಳುವ ಸುಖ ಏನೆಂದು ಏಳದವರಿಗೆ ತಿಳಿಯದು.

ಕೈನಡುಕಕ್ಕೆ ನಾನು ಕಂಡುಕೊಂಡ ಅಳತೆಗೋಲು ಸುರುಳಿ. ಪ್ರತಿದಿನ ಬೆಳಿಗ್ಗೆ ಅದೇ ಪೆನ್ನಿನಿಂದ, ಅಂಗೈಯನ್ನು ಮೇಜಿಗೆ ತಾಗಿಸದೆ, ನೋಟುಪುಸ್ತಕದಲ್ಲಿ ಐದು ಸುತ್ತಿನ ಒಂದು ಸುರುಳಿ ಬರೆಯುತ್ತೇನೆ. ಒಳಗಿನ ಸುತ್ತುಗಳು ಯಾವಾಗಲೂ ಚೆನ್ನಾಗಿಯೇ ಬರುತ್ತವೆ. ನಡುಕವಿದ್ದ ದಿನ ಹೊರಗಿನ ಸುತ್ತು ಗರಗಸದ ಹಲ್ಲಿನಂತೆ ಕಾಣುತ್ತದೆ. ಕಾಫಿ ಕುಡಿಯುವುದರಿಂದಲೇ ನಡುಕ ಎಂದು ಯಾರೋ ಹೇಳಿದ್ದನ್ನು ನಂಬಿ ಒಮ್ಮೆ ಅದನ್ನು ಪೂರ್ತಿ ಬಿಟ್ಟೆ. ಹತ್ತು ದಿನಗಳಲ್ಲಿ ಸುರುಳಿ ಮೊದಲಿಗಿಂತ ಕೆಟ್ಟಿತು! ಪರೀಕ್ಷೆ ಮಾಡಿಸಿದರೆ ಮಟ್ಟ 0.85ರ ಹತ್ತಿರ ಹೋಗಿತ್ತು. ಕೆಫೀನ್ ಲಿಥಿಯಂ ಅನ್ನು ಮೂತ್ರದ ಮೂಲಕ ಹೊರಹಾಕುತ್ತದೆ, ಏಕಾಏಕಿ ಬಿಟ್ಟರೆ ಲಿಥಿಯಂ ಒಳಗೇ ಉಳಿಯುತ್ತದೆ. ಅಂದಿನಿಂದ ದಿನಕ್ಕೆ ಎರಡೇ ಲೋಟ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಉಪ್ಪಿನ ವಿಷಯವೂ ಹೀಗೆಯೇ, ಒಮ್ಮೆಲೇ ಕಡಿಮೆ ಮಾಡಿದರೆ ಮಟ್ಟ ಏರುತ್ತದೆ. ಸಹಿಗಳು ಹೆಚ್ಚಿರುವ ದಿನಗಳಿಗೆಂದು ವೈದ್ಯರು ನಡುಕ ತಗ್ಗಿಸುವ ಪ್ರೊಪ್ರನೊಲಾಲ್ 20 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ. ನನಗೆ ಉಬ್ಬಸವಿಲ್ಲ, ಇರುವವರು ಅದರ ತಂಟೆಗೆ ಹೋಗಬಾರದು.

ಎರಡನೆಯ ವರ್ಷದ ಒಂದು ವರದಿಯಲ್ಲಿ ಮಟ್ಟ 2.4 ಎಂದಿತ್ತು. ಪ್ರಯೋಗಾಲಯದಿಂದ ಫೋನ್ ಮಾಡಿ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ ಎಂದರು. ನನಗೆ ವಾಂತಿಯಿಲ್ಲ, ನಡಿಗೆ ತೂರಾಡುತ್ತಿಲ್ಲ, ಆ ಬೆಳಗಿನ ಸುರುಳಿ ದುಂಡಗಿತ್ತು. ಹೋಗುವುದಂತೂ ಹೋದೆ, ಹೋಗಲೇಬೇಕು; ಆದರೆ ರಕ್ತ ತೆಗೆದ ಕೊಳವೆಯ ಮುಚ್ಚಳ ಹಸಿರಾಗಿತ್ತು ಎಂಬುದು ನೆನಪಿದ್ದುದರಿಂದ, ಬೇರೆ ಕೊಳವೆಯಲ್ಲಿ ಮತ್ತೊಮ್ಮೆ ನೋಡಿ ಎಂದು ಅಲ್ಲಿನ ವೈದ್ಯರನ್ನು ಕೇಳಿಕೊಂಡೆ. ಹಸಿರು ಮುಚ್ಚಳದ ಕೊಳವೆಗಳಲ್ಲಿ ಹಲವಕ್ಕೆ ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಸವರಿರುತ್ತಾರೆ. ಆ ಲಿಥಿಯಂ ಅನ್ನೂ ಯಂತ್ರ ನನ್ನ ಲೆಕ್ಕಕ್ಕೇ ಸೇರಿಸಿತ್ತು. ಮರುಪರೀಕ್ಷೆಯಲ್ಲಿ 0.6 ಬಂತು. ಕಿರಿಯ ವೈದ್ಯರೊಬ್ಬರು ಇದು ನಿಮಗೆ ಹೇಗೆ ಗೊತ್ತು ಸಾರ್ ಎಂದು ಕೇಳಿದ್ದನ್ನು ಇವತ್ತಿಗೂ ಮನೆಯಲ್ಲಿ ಹೇಳಿಕೊಳ್ಳುತ್ತಿರುತ್ತೇನೆ.

ಮೂರನೆಯ ವರ್ಷ ಎರಡು ತಿಂಗಳು ಮೈ ಭಾರ, ಚಳಿ, ಯಾವುದರಲ್ಲೂ ಆಸಕ್ತಿಯಿಲ್ಲ. ಖಿನ್ನತೆಯೇ ಮರಳಿತೆಂದು ಕೈಚೆಲ್ಲಿ ಕೂತಿದ್ದೆ. ರಕ್ತ ಪರೀಕ್ಷಿಸಿದರೆ, ಥೈರಾಯ್ಡ್ ಕುಂದಿದಾಗ ಏರುವ ಟಿಎಸ್‌ಎಚ್ 9ರ ಮೇಲಿತ್ತು. ಥೈರಾಯ್ಡ್ ಮಾತ್ರೆ ಶುರುಮಾಡಿದ ಆರೇಳು ವಾರಗಳಲ್ಲಿ ಸರಿಹೋಯಿತು. ಹಲ್ಲುನೋವಿಗೆ ಐಬುಪ್ರೊಫೆನ್ ಬರೆದಾಗ, ಅದು ಲಿಥಿಯಂ ಮಟ್ಟವನ್ನು ಏರಿಸುವುದರಿಂದ, ಬೇಡವೆಂದು ಪ್ಯಾರಸಿಟಮಾಲ್ ಕೇಳಿ ಪಡೆದೆ. ವಾಂತಿಭೇದಿಯಾದ ದಿನ ಏನು ಮಾಡಬೇಕೆಂದು ವೈದ್ಯರ ಕೈಯಲ್ಲೇ ಬರೆಸಿಕೊಂಡ ಚೀಟಿ ಔಷಧದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದೆ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಲಿಥಿಯಂ ಅನ್ನು ಉನ್ಮಾದಕ್ಕೆ ಕೊಟ್ಟು ನೋಡಿದ ಕಾಲದಲ್ಲಿ ರಕ್ತದ ಮಟ್ಟ ನೋಡುವ ಪದ್ಧತಿಯಿರಲಿಲ್ಲ, ಜನ ವಿಷವೇರಿ ಸತ್ತದ್ದೂ ಉಂಟು. ಆದ್ದರಿಂದ ಪರೀಕ್ಷೆಯ ಖರ್ಚಿಗೆ ನಾನು ಎಂದೂ ಗೊಣಗುವುದಿಲ್ಲ. ಲಿಥಿಯಂ, ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ಏರುವ ಅಂಕಿ), ಟಿಎಸ್‌ಎಚ್, ಕ್ಯಾಲ್ಸಿಯಂ ಎಲ್ಲ ಸೇರಿ ವರ್ಷಕ್ಕೆ ನಾಲ್ಕೈದು ದಿನದ ಸಂಬಳ ಹೋಗುತ್ತದೆ.

ಹಣದ ವಿಷಯದಲ್ಲಿ ಹೆಂಡತಿಯೂ ನಾನೂ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ವಾರದ ಸಂಬಳಕ್ಕಿಂತ ದೊಡ್ಡದಾದ ಯಾವ ಖರೀದಿಯಾದರೂ ಎರಡು ರಾತ್ರಿ ಕಾಯಬೇಕು. ನಾನು ಏರುತ್ತಿದ್ದೇನೆ ಎನಿಸಿದರೆ ಅವಳು ಒಂದು ಮಾತು ಹೇಳುತ್ತಾಳೆ, ಕೇಳಿದವನೇ ಕಾರ್ಡನ್ನು ಅವಳ ಕೈಗಿಟ್ಟು ವೈದ್ಯರಿಗೆ ಫೋನ್ ಮಾಡುತ್ತೇನೆ. ಆ ಮಾತು ಯಾವುದೆಂದು ಬರೆಯುವುದಿಲ್ಲ, ಹತ್ತು ಜನರ ಬಾಯಲ್ಲಿ ಕೇಳಿದರೆ ಅದು ನನ್ನ ಮೇಲೆ ಕೆಲಸ ಮಾಡುವುದು ನಿಂತುಹೋದೀತು. ದಿನದ ನಿದ್ರೆಯನ್ನು ಬರೆದಿಡುವ ಪುಟದಲ್ಲಿ ನಾನು ಹಾಕುವ ಗುರುತುಗಳನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂಬತ್ತು ವರ್ಷಗಳಲ್ಲಿ ಅವಳು ಆ ಮಾತನ್ನು ನಾಲ್ಕು ಸಲ ಹೇಳಿದ್ದಾಳೆ. ಒಂದು ಸಲ ನಾನು ನಿಜವಾಗಿಯೂ ಬರೀ ಖುಷಿಯಲ್ಲಿದ್ದೆ, ಆದರೂ ಕಾರ್ಡು ಕೊಟ್ಟೆ.

ಕ್ರಿಯಾಟಿನಿನ್ 0.9 ಇದ್ದದ್ದು ಈಗ 1.1ಕ್ಕೆ ಬಂದಿದೆ. ಇನ್ನೂ ಏರಿದರೆ ಲಿಥಿಯಂ ಅನ್ನು 600ಕ್ಕೆ ಇಳಿಸಿ ನೋಡೋಣ, ಅದಕ್ಕೂ ಬಗ್ಗದಿದ್ದರೆ ಬೇರೆ ದಾರಿ ಯೋಚಿಸೋಣ ಎಂದಿದ್ದಾರೆ ವೈದ್ಯರು. ಮುಂದಿನ ಪರೀಕ್ಷೆಗೆ ಆರು ವಾರಗಳಿವೆ, ಸುರುಳಿಯ ನೋಟುಪುಸ್ತಕದಲ್ಲಿ ಉಳಿದಿರುವ ಹಾಳೆಗಳೂ ಹೆಚ್ಚುಕಡಿಮೆ ಅಷ್ಟಕ್ಕೇ ಸಾಲುತ್ತವೆ.