ಐದು ಸ್ಪೀಕರ್, ಒಂದು ಸಬ್‌ವೂಫರ್: ನಾನೇ ಜೋಡಿಸಿದ ಹೋಮ್ ಥಿಯೇಟರ್

ಸೌಂಡನ್ನು ಸ್ಪೀಕರುಗಳಿಗೆ ಹಂಚುವ ರಿಸೀವರ್, ಐದು ಸ್ಪೀಕರ್, ಬೇಸಿಗೆ (ತಗ್ಗಿನ, ಗುಡುಗಿನಂಥ ಸದ್ದಿಗೆ) ಎಂದೇ ಇರುವ ಒಂದು ಸಬ್‌ವೂಫರ್. ಬಿಡಿಬಿಡಿಯಾಗಿ ಕೊಂಡು ತಂದ 5.1 ಸೆಟ್ ನಮ್ಮದು. ಬಂದು ಜೋಡಿಸಿಕೊಡುತ್ತೇವೆ ಎಂದು ಅಂಗಡಿಯವರು ಹೇಳಿದರೂ ಬೇಡ ಎಂದೆ. ನಾಳೆ ಒಂದು ಸ್ಪೀಕರಿನಲ್ಲಿ ಸೌಂಡ್ ಬರದೇ ಹೋದರೆ, ಯಾವ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕಲ್ವಾ?

ಪೆಟ್ಟಿಗೆ ಬಿಚ್ಚುವ ಮೊದಲು ಒಂದು ಹಾಳೆಯಲ್ಲಿ ಚಿತ್ರ ಬರೆದುಕೊಂಡೆ. ಮಧ್ಯದಲ್ಲಿ ರಿಸೀವರ್. ಅದು ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದ್ದ ಹಾಗೆ, ಎಲ್ಲವೂ ಅಲ್ಲಿಗೆ ಬಂದೇ ಮುಂದೆ ಹೋಗಬೇಕು. ಸೆಟ್‌ಟಾಪ್ ಬಾಕ್ಸ್, ಬ್ಲೂ-ರೇ ಪ್ಲೇಯರ್ ಎರಡೂ ರಿಸೀವರಿಗೆ. ಚಿತ್ರ ಅಲ್ಲಿಂದ ಟಿವಿಗೆ, ಸೌಂಡ್ ಅಲ್ಲಿಂದ ಸ್ಪೀಕರುಗಳಿಗೆ. ಈ ಚಿತ್ರ ಕೈಯಲ್ಲಿದ್ದರೆ ರಿಸೀವರಿನ ಹಿಂದಿನ ಆ ರಾಶಿ ತೂತುಗಳನ್ನು ನೋಡಿ ಗಾಬರಿ ಬೀಳಬೇಕಾಗಿಲ್ಲ. ಅದರಲ್ಲಿ ಅರ್ಧದಷ್ಟು ನಮಗೆ ಬೇಕಾಗುವುದೇ ಇಲ್ಲ.

ಸ್ಪೀಕರ್ ವೈರ್ ತರಲು ಎಸ್.ಪಿ. ರಸ್ತೆಗೆ ಹೋದೆ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ತಾಮ್ರದ ವೈರ್ ಎಂದು ಮಾರುವುದರಲ್ಲಿ ಎಷ್ಟೋ ಕಡೆ ಒಳಗೆ ಇರುವುದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೆ. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದು ನೋಡಿದರೆ ತಿಳಿಯುತ್ತದೆ. ಅಪ್ಪಟ ತಾಮ್ರ ಎಷ್ಟು ಕೆರೆದರೂ ಕೆಂಪಗೇ ಇರುತ್ತದೆ. ಲೇಪದ್ದಾದರೆ ಒಳಗಿಂದ ಬೆಳ್ಳಗೆ ಹೊಳೆಯುತ್ತದೆ. ಅದೇ ದಪ್ಪದ ತಾಮ್ರಕ್ಕಿಂತ ಅಲ್ಯೂಮಿನಿಯಮ್ಮಿನಲ್ಲಿ ವಿದ್ಯುತ್ತಿಗೆ ತಡೆ ಜಾಸ್ತಿ. ಮುಂದಿನ ಮೂರು ಸ್ಪೀಕರಿಗೆ 16 ಗೇಜ್ ಸಾಕಾಯಿತು. ಹಿಂದಿನ ಎರಡಕ್ಕೆ ಗೋಡೆ ಸುತ್ತಿಕೊಂಡು ಹೋಗಬೇಕಿದ್ದರಿಂದ 14 ಗೇಜ್ ತಗೊಂಡೆ. ಗೇಜಿನಲ್ಲಿ ನಂಬರ್ ಇಳಿದಷ್ಟೂ ವೈರ್ ದಪ್ಪ. ಇದಕ್ಕಿಂತ ದುಬಾರಿ ವೈರಿಗೆ ದುಡ್ಡು ಸುರಿಯುವುದು ನನ್ನ ಪ್ರಕಾರ ದಂಡ.

ಇನ್ನು ಕೆಂಪು, ಕಪ್ಪು. ರಿಸೀವರಿನ ಕೆಂಪು ಸ್ಪೀಕರಿನ ಕೆಂಪಿಗೆ, ಕಪ್ಪು ಕಪ್ಪಿಗೆ. ಕೇಳಲು ಸುಲಭ, ಆದರೆ ಎರಡು ಎಳೆಯೂ ಒಂದೇ ಬಣ್ಣದ ವೈರ್ ಆದರೆ ತಲೆಕೆಳಗಾಗುವುದು ಬಹಳ ಸುಲಭ. ಒಂದು ಸ್ಪೀಕರ್ ಉಲ್ಟಾ ಆದರೂ ಸೌಂಡ್ ಬಂದೇ ಬರುತ್ತದೆ, ಅದೇ ತೊಂದರೆ. ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ, ಒಂದರ ಬೇಸನ್ನು ಇನ್ನೊಂದು ತಿಂದುಹಾಕುತ್ತದೆ. ಹಾಡುವವರ ದನಿ ನಡುವಿನಿಂದ ಬರುವ ಬದಲು ಹಾಲ್ ತುಂಬ ಚದುರಿದ ಹಾಗೆ ಕೇಳುತ್ತದೆ.

ಇದನ್ನು ಪರೀಕ್ಷೆ ಮಾಡಲು ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸೆಲ್ ಸಾಕು. ವೈರಿನ ಒಂದು ತುದಿ ಸ್ಪೀಕರಿನಲ್ಲಿರಲಿ, ಇನ್ನೊಂದು ತುದಿಯನ್ನು ಇನ್ನೂ ರಿಸೀವರಿಗೆ ಹಾಕಬೇಡಿ. ಸ್ಪೀಕರಿನ ಮುಂದಿನ ಬಟ್ಟೆ ಜಾಲರಿ ತೆಗೆದು ಮಗಳನ್ನು ಎದುರು ಕೂರಿಸಿದೆ. ಕೆಂಪು ಎಂದು ಗುರುತು ಮಾಡಿದ ಎಳೆಯನ್ನು ಸೆಲ್ಲಿನ ಪ್ಲಸ್ಸಿಗೆ, ಇನ್ನೊಂದನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿದೆ. ಟಪ್ ಎಂದಿತು. "ಅಪ್ಪಾ, ಮುಂದೆ ಬಂತು!" ಎಂದಳು. ಮುಂದೆ ಬಂದರೆ ಸರಿಯಾಗಿದೆ, ಒಳಗೆ ಹೋದರೆ ಉಲ್ಟಾ. ಐದಕ್ಕೂ ಹೀಗೇ ಮಾಡಿದೆವು. ಯಾವ ವೈರ್ ಯಾವ ಸ್ಪೀಕರಿನದ್ದು ಎಂಬುದೂ ಇದರಲ್ಲೇ ಗೊತ್ತಾಗುವುದರಿಂದ ಆಗಲೇ ಲೇಬಲ್ ಅಂಟಿಸಿಬಿಟ್ಟೆ. ರಿಸೀವರ್ ಕಡೆಯ ತುದಿಗಳಿಗೆಲ್ಲ ಬನಾನಾ ಪ್ಲಗ್ (ತೂತಿಗೆ ನೇರ ಸಿಕ್ಕಿಸುವ ಲೋಹದ ಪಿನ್) ಹಾಕಿದೆ. ಬರಿ ಎಳೆಗಳನ್ನು ತಿರುಚಿ ಸಿಕ್ಕಿಸಿದರೆ, ಒಂದೇ ಒಂದು ಕೂದಲೆಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ಶಾರ್ಟ್ ಆಗಿ ರಿಸೀವರ್ ತಾನಾಗಿ ಆಫ್ ಆಗುತ್ತದೆ.

ಸ್ಪೀಕರ್ ಎಲ್ಲಿಡಬೇಕು ಎಂಬುದನ್ನು ಸೋಫಾ ನಿರ್ಧರಿಸಿತು. ಕೂತವರ ನೇರ ಮುಂದೆ, ಟಿವಿ ಕೆಳಗೆ ಸೆಂಟರ್. ಎಡಬಲದ್ದು ಅಲ್ಲಿಂದ ಸುಮಾರು 30 ಡಿಗ್ರಿ ಆಚೀಚೆ. ಸರೌಂಡ್, ಅಂದರೆ ಹಿಂದಿನ ಎರಡೂ, 110ರಿಂದ 120 ಡಿಗ್ರಿಯಲ್ಲಿ, ಅಂದರೆ ಕಿವಿಯ ಪಕ್ಕದಿಂದ ತುಸು ಹಿಂದೆ. ಹೊಸದಾಗಿ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್ ಆಗುವ ಮೊದಲೇ ಈ ಎರಡು ಜಾಗಕ್ಕೆ ಬೇರೆ ಪೈಪ್ ಹಾಕಿಸಿಕೊಳ್ಳಿ. ಕರೆಂಟ್ ವೈರ್ ಹೋಗುವ ಪೈಪಿನಲ್ಲೇ ಸ್ಪೀಕರ್ ವೈರ್ ತೂರಿಸಲು ಎಲೆಕ್ಟ್ರಿಷಿಯನ್ನಿಗೆ ಬಿಡಲೇಬೇಡಿ.

ಸಬ್‌ವೂಫರಿಗೆ ಒಂದೇ ಕೇಬಲ್. ರಿಸೀವರಿನ ಸಬ್ ಔಟ್ ತೂತಿನಿಂದ ಸಬ್‌ವೂಫರಿನ ಎಲ್‌ಎಫ್‌ಇ ತೂತಿಗೆ. ಎಷ್ಟು ತಗ್ಗಿನ ಸದ್ದು ಸಬ್‌ವೂಫರಿಗೆ ಹೋಗಬೇಕು ಎಂದು ಗೆರೆ ಎಳೆಯುವುದೇ ಕ್ರಾಸ್‌ಓವರ್. ಸಬ್‌ವೂಫರಿನ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಿಟ್ಟು, ಆ ಕೆಲಸ ರಿಸೀವರಿಗೇ ಬಿಟ್ಟೆ. ಜಾಗ ಹುಡುಕುವ ರೀತಿ ಮಾತ್ರ ಸ್ವಲ್ಪ ವಿಚಿತ್ರ. ಸಬ್‌ವೂಫರನ್ನು ನಾವು ಕೂರುವ ಸೋಫಾ ಮೇಲಿಟ್ಟು, ಬೇಸ್ ಜಾಸ್ತಿ ಇರುವ ಹಾಡು ಹಾಕಿ, ಗೋಡೆಯಂಚಿಗೆ ಮಂಡಿಯೂರಿ ಹೋಗುತ್ತ ಕೇಳಬೇಕು. ಎಲ್ಲಿ ಗುಂಯ್‌ಗುಡದೆ ಬಿಗಿಯಾಗಿ ಕೇಳುತ್ತದೋ ಅಲ್ಲಿ ಇಡುವುದು. ನಮ್ಮಲ್ಲಿ ಅದು ಶೋಕೇಸ್ ಪಕ್ಕ ಬಂತು, ಮೂಲೆಯಲ್ಲಲ್ಲ.

ಎಲ್ಲರೂ ಹೆಚ್ಚು ಒದ್ದಾಡುವುದು ಟಿವಿ ಹತ್ತಿರ. ಟಿವಿಯ ಹಿಂದೆ ಮೂರ್ನಾಲ್ಕು ಎಚ್‌ಡಿಎಂಐ ತೂತು ಇರುತ್ತವೆ. ಅದರಲ್ಲಿ ಸಾಮಾನ್ಯವಾಗಿ ಒಂದರ ಮೇಲೆ ಮಾತ್ರ ಆರ್ಕ್ ಅಥವಾ ಇ-ಆರ್ಕ್ ಎಂದು ಬರೆದಿರುತ್ತದೆ. ರಿಸೀವರಿನ ಎಚ್‌ಡಿಎಂಐ ಔಟ್‌ನಿಂದ ಬರುವ ಕೇಬಲ್ ಅಲ್ಲಿಗೇ ಹೋಗಬೇಕು. ಅದೇ ಕೇಬಲಿನಲ್ಲಿ ಚಿತ್ರ ಟಿವಿಗೆ ಹೋಗುತ್ತದೆ, ಟಿವಿಯೊಳಗಿನ ಆ್ಯಪ್‌ಗಳ ಸೌಂಡ್ ವಾಪಸ್ ಬರುತ್ತದೆ. ಆರ್ಕ್ ಬಂದದ್ದು 2009ರ ಎಚ್‌ಡಿಎಂಐ 1.4ರ ಜೊತೆ, ಇ-ಆರ್ಕ್ 2017ರ 2.1ರ ಜೊತೆ. ಒಟಿಟಿ ಆ್ಯಪ್‌ಗಳು ಕಳಿಸುವ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಬಗೆಯ ಸೌಂಡಿಗೆ ಆರ್ಕ್ ಸಾಕು. ಬ್ಲೂ-ರೇ ಡಿಸ್ಕಿನಲ್ಲಿರುವ, ಗುಣ ಕಳೆದುಕೊಳ್ಳದ ಟ್ರೂಎಚ್‌ಡಿ ಸೌಂಡಿಗೆ ಸಾಲದು. ಅದಕ್ಕೇ ಪ್ಲೇಯರನ್ನು ನೇರ ರಿಸೀವರಿಗೆ ಹಾಕಿದ್ದು. ಹಳೆಯ ಆಪ್ಟಿಕಲ್ ಕೇಬಲಿನಲ್ಲಿ ಮಾಮೂಲಿ ಡಾಲ್ಬಿ ಡಿಜಿಟಲ್ 5.1 ಮಾತ್ರ ಬರುತ್ತದೆ.

ಕೇಬಲ್ ಸಿಕ್ಕಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ರಿಸೀವರಿನ ಮೆನುವಿನಲ್ಲಿ ಆರ್ಕ್ ಮತ್ತು ಸಿಇಸಿ (ಟಿವಿ, ರಿಸೀವರ್ ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಮಾಡಬೇಕು. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂನಿಂದ (ಟಿವಿಯೇ ಸೌಂಡನ್ನು ಬಿಡಿಸಿ ಕಳಿಸುವ ಬಗೆ) ಆಟೋ ಅಥವಾ ಪಾಸ್-ಥ್ರೂಗೆ (ಇದ್ದ ಹಾಗೇ ಕಳಿಸುವ ಬಗೆ) ಬದಲಾಯಿಸಬೇಕು. ಆರ್ಕ್‌ನಲ್ಲಿ ಪಿಸಿಎಂ ಇದ್ದರೆ ಎರಡೇ ಚಾನೆಲ್ ಬರುತ್ತದೆ. "ಹಿಂದಿನ ಸ್ಪೀಕರ್ ಕೆಲಸಾನೇ ಮಾಡ್ತಿಲ್ಲ" ಎಂದು ಫೋನ್ ಮಾಡಿದ ನೆಂಟರ ಮನೆಗೆ ಹೋಗಿ ನೋಡಿದಾಗ ಇದ್ದದ್ದು ಇಷ್ಟೇ, ಒಂದು ವೈರೂ ಮುಟ್ಟಬೇಕಾಗಲಿಲ್ಲ.

ಕರೆಂಟಿನ ವಿಷಯದಲ್ಲಿ ಎರಡೇ ಮಾತು. ಅರ್ತಿಂಗ್ ಸರಿ ಇರುವ ಒಂದೇ ಸಾಕೆಟ್ಟಿನಿಂದ ಟಿವಿಗೂ ರಿಸೀವರಿಗೂ ಸಬ್‌ವೂಫರಿಗೂ ಕರೆಂಟ್ ಕೊಟ್ಟರೆ ಹಂ ಎನ್ನುವ ಸದ್ದಿನ ಕಾಟ ಬಹಳ ಕಡಿಮೆ. ರಿಸೀವರಿನ ನೆತ್ತಿ ಮೇಲೆ ಗಾಳಿಯಾಡಲು ಜಾಗ ಬಿಡಿ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಕೂರಿಸಬೇಡಿ.

ಕೊನೆಗೆ ರಿಸೀವರ್ ಜೊತೆ ಬಂದ ಮೈಕ್. ಅದನ್ನು ಕೂತಾಗ ಕಿವಿ ಬರುವ ಎತ್ತರಕ್ಕೆ ಟ್ರೈಪಾಡ್ ಮೇಲಿಟ್ಟು, ಫ್ಯಾನ್ ಆಫ್ ಮಾಡಿ, ಎಲ್ಲರನ್ನೂ ಸುಮ್ನಿರಿಸಿ ಆಟೋ ಸೆಟಪ್ ಓಡಿಸಿದೆ. ಸೌಂಡ್ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹತ್ತಿರದ ಸ್ಪೀಕರನ್ನು ಅಷ್ಟು ತಡೆದು, ಎಲ್ಲ ಸ್ಪೀಕರಿನ ಸೌಂಡ್ ಒಟ್ಟಿಗೆ ಕಿವಿ ತಲುಪುವಂತೆ ರಿಸೀವರ್ ಲೆಕ್ಕ ಹಾಕುತ್ತದೆ. ಮುಗಿದ ಮೇಲೆ ಮುಂದಿನ ಸ್ಪೀಕರುಗಳನ್ನು ಅದು ಲಾರ್ಜ್, ಅಂದರೆ ಬೇಸನ್ನೂ ತಾವೇ ನುಡಿಸಬಲ್ಲವು, ಎಂದು ಗುರುತಿಸಿತ್ತು. ನಾನು ಸ್ಮಾಲ್ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಇಟ್ಟೆ. ಅದಕ್ಕಿಂತ ಕೆಳಗಿನದ್ದೆಲ್ಲ ಸಬ್‌ವೂಫರಿಗೆ ಹೋಗುತ್ತದೆ, ಚಿಕ್ಕ ಸ್ಪೀಕರುಗಳ ಹೊರೆ ಹಗುರಾಗುತ್ತದೆ. ಸೆಂಟರಿನ ಲೆವೆಲ್ 2 ಡೆಸಿಬೆಲ್ ಏರಿಸಿದೆ. ಸಿನಿಮಾದಲ್ಲಿ ಮಾತು ಹೆಚ್ಚಾಗಿ ಬರುವುದು ಅದರಿಂದಲೇ. ಆಮೇಲೆ ನಮ್ಮಮ್ಮ ಫೈಟ್ ಸೀನಿಗೆ ಸೌಂಡ್ ಇಳಿಸಿ, ಡೈಲಾಗಿಗೆ ಏರಿಸಿ ಮಾಡುವುದನ್ನು ಬಿಟ್ಟರು.