ಕೆಳಗಿನ ಬ್ಲಾಕಿಗೆ ಎಷ್ಟು ಸೆಂಟ್ಸ್?

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು 9 ಎಕರೆ ಕಾಫಿ ತೋಟ, ಮೂರು ಬ್ಲಾಕು (ಭಾಗ). ಜಾಸ್ತಿ ರೋಬಸ್ಟಾ. ಫೆಬ್ರವರಿ ಕೊನೆ ಬಂತೆಂದರೆ ಮನೆಯಲ್ಲಿ ಒಂದೇ ಮಾತು. ಜೆಟ್ (ಮಳೆಯಂತೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಹಾಕೋದಾ, ಮಳೆಗೆ ಕಾಯೋದಾ? ಹಾಕಿದ ಮರುದಿನವೇ ಮಳೆ ಬಂದರೆ ಡೀಸೆಲ್, ಕೆರೆ ನೀರು, ಕೂಲಿ ಎಲ್ಲ ದಂಡ. ಕಾದು ಕೂತರೆ ಮೊಗ್ಗು ಒಣಗುತ್ತದೆ.

ಮೂರು ವರ್ಷದ ಹಿಂದೆ ನಾನು ಇದರಲ್ಲೇ ತಪ್ಪು ಮಾಡಿದೆ. ಮಾರ್ಚ್ ಮೊದಲ ವಾರ ಗುಡುಗಿ ಮಳೆ ಬಂತು. ಅಂಗಳದ ಮಳೆಮಾಪಕದಲ್ಲಿ 1 ಇಂಚು 10 ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಇಂಚು). ಮೊಗ್ಗು ಅರಳಿಸುವ ಹೂಮಳೆ ಆಯ್ತು ಅಂತ ಪೈಪೆಲ್ಲ ಎತ್ತಿಸಿಬಿಟ್ಟೆ. ಎಂಟು-ಹತ್ತು ದಿನಕ್ಕೆ ಮನೆ ಹತ್ತಿರದ ಗಿಡಗಳು ಬೆಳ್ಳಗೆ ಅರಳಿದವು. ಕೆಳಗಿನ ಬ್ಲಾಕಿನಲ್ಲಿ ಮಾತ್ರ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ಗುಡ್ಡದ ಆ ಬದಿಗೆ ಮಳೆ ಸಾಕಷ್ಟು ಬಿದ್ದೇ ಇರಲಿಲ್ಲ. ಸಾಲದ ಮಳೆಯನ್ನು ಕೂಡಲೇ ಜೆಟ್ ಹಾಕಿ ಸರಿದೂಗಿಸಿದ್ದರೆ ಹೂ ಉಳಿಯುತ್ತಿತ್ತು. ನನಗೆ ಅದು ಗೊತ್ತಾಗುವ ಹೊತ್ತಿಗೆ ಸಮಯ ಮೀರಿತ್ತು. ಆ ಬ್ಲಾಕನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಮುಂದಿನ ವರ್ಷ ಮೂರು ಬ್ಲಾಕಿಗೂ ಒಂದೊಂದು ಪ್ಲಾಸ್ಟಿಕ್ ಮಳೆಮಾಪಕ ನಿಲ್ಲಿಸಿದೆ. ಮರದ ನೆರಳಿಲ್ಲದ ಬಯಲು ಜಾಗ ಹುಡುಕುವುದೇ ಕಷ್ಟವಾಯಿತು. ಸಿಲ್ವರ್ ಮರದ ಎಲೆಯಿಂದ ತೊಟ್ಟಿಕ್ಕುವ ನೀರು ಸೇರಿದರೆ ಲೆಕ್ಕ ಸುಳ್ಳಾಗುತ್ತದೆ, ಅಲ್ವಾ? ಬೆಳಿಗ್ಗೆ ಎಂಟಕ್ಕೆ ನೋಡಿ ಮೊಬೈಲ್‌ನ ಗೂಗಲ್ ಶೀಟ್‌ನಲ್ಲಿ ಬರೆಯುತ್ತೇವೆ: ತಾರೀಖು, ಬ್ಲಾಕು, ಸೆಂಟ್ಸ್. ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಆಫ್‌ಲೈನ್‌ನಲ್ಲಿ ಬರೆದಿಟ್ಟರೆ ಕಣದ ಹತ್ತಿರ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಅಪ್ಪ ವರ್ಷಗಟ್ಟಲೆ ಡೈರಿಯಲ್ಲಿ ಬರೆದಿಟ್ಟಿದ್ದ ಮಳೆ ಲೆಕ್ಕವನ್ನೂ ಮಗಳು ಒಂದು ಬೇಸಿಗೆ ರಜೆಯಲ್ಲಿ ಅದೇ ಶೀಟ್‌ಗೆ ಏರಿಸಿದಳು.

ಮಳೆಮಾಪಕದಿಂದ ನನಗೆ ಸಿಕ್ಕ ದೊಡ್ಡ ಪಾಠ ಮಳೆಯದ್ದಲ್ಲ, ಜೆಟ್‌ನದ್ದು. ಒಂದು ದಿನ ಜೆಟ್ ಓಡುವಾಗ ಹತ್ತಿರ ಒಂದು, ನಡುವೆ ಒಂದು, ಅಂಚಿನಲ್ಲಿ ಒಂದು ಮಾಪಕ ಇಟ್ಟೆ. ಮೂರು ಗಂಟೆಗೆ ಹತ್ತಿರ 1 ಇಂಚು 30 ಸೆಂಟ್ಸ್, ಅಂಚಿನಲ್ಲಿ ಬರೀ 65. ಗಂಟೆ ಲೆಕ್ಕದಲ್ಲಿ ಸರಿಯಾಗಿ ಹಾಕಿದೆವು ಅಂದುಕೊಂಡಿದ್ದ ಎಷ್ಟೋ ಗಿಡಗಳಿಗೆ ಅರ್ಧ ನೀರೇ ಹೋಗಿತ್ತು! ಈಗ ಜೆಟ್ ನಿಲ್ಲಿಸುವ ಪಾಯಿಂಟುಗಳನ್ನು ಹತ್ತಿರ ಮಾಡಿದ್ದೇವೆ, ಒಂದರ ಅಂಚಿನ ಮೇಲೆ ಇನ್ನೊಂದರ ನೀರು ಬೀಳುವ ಹಾಗೆ. ನೀವು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ ನೋಡಿ.

ಜೆಟ್ ಹಾಕುವ ಮುಂಚೆ ವರುಣ ಮಿತ್ರಕ್ಕೆ ಫೋನ್ ಮಾಡುತ್ತೇನೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಸಹಾಯವಾಣಿ ಅದು. ಊರು ಹೇಳಿದರೆ ಮುಂದಿನ ದಿನಗಳ ಮಳೆ ಸೂಚನೆ ಕನ್ನಡದಲ್ಲೇ ಹೇಳುತ್ತಾರೆ. ಮಳೆ ಬರಬಹುದಾ ಅನ್ನೋದಕ್ಕೆ ಅದು ಬೇಕು. ಬಂದ ಮಳೆ ಯಾವ ಬ್ಲಾಕಿಗೆ ಸಾಕಾಯ್ತು ಅನ್ನೋದಕ್ಕೆ ನಮ್ಮ ಮಾಪಕವೇ ಬೇಕು.

ಈ ಮಾರ್ಚ್‌ನಲ್ಲಿ ಮತ್ತೆ ಹಾಗೇ ಆಯಿತು. ಮೇಲಿನ ಬ್ಲಾಕಿಗೆ 1 ಇಂಚು 20, ಕೆಳಗಿನದಕ್ಕೆ 45 ಸೆಂಟ್ಸ್. ಮರುದಿನವೇ ಕೆಳಗಿನ ಬ್ಲಾಕಿಗೆ ಮಾತ್ರ ಜೆಟ್ ಹಾಕಿದೆವು. ಎರಡೂ ಕಡೆ ಹೂ ಒಟ್ಟಿಗೇ ಬಂತು, ಜೇನು ಗುಂಯ್ ಅಂತಿತ್ತು. ಬೇರೆ ಗಿಡದ ಪರಾಗವಿಲ್ಲದೆ ಕಾಯಿ ಕಟ್ಟದ ರೋಬಸ್ಟಾಕ್ಕೆ ಆ ಜೇನು ಎಷ್ಟು ಮುಖ್ಯ ಅನ್ನೋದು ಬೆಳೆಗಾರರಿಗೆ ಗೊತ್ತೇ ಇದೆ. ಅಪ್ಪನಿಗೆ ಈಗ ಗುಡ್ಡ ಇಳಿಯಲು ಆಗುವುದಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ಕೂತಿರುತ್ತಾರೆ. ನಾನು ಹತ್ತಿ ಬರುತ್ತಿದ್ದ ಹಾಗೇ ಕೇಳುತ್ತಾರೆ, "ಕೆಳಗೆ ಎಷ್ಟು?"

ಹೂ ಅರಳಿ ಇವತ್ತಿಗೆ 12 ದಿನ. ಇನ್ನೊಂದು ವಾರದಲ್ಲಿ ಮಳೆ ಬಾರದಿದ್ದರೆ ಬ್ಯಾಕಿಂಗ್‌ಗೆ (ಹೂವಿನ ನಂತರ ಕಾಯಿ ನಿಲ್ಲಲು ಕೊಡುವ ನೀರಿಗೆ) ಪೈಪು ಇಳಿಸಬೇಕು. ಕೆರೆಯಲ್ಲಿ ನೀರು ಒಂದು ಸುತ್ತಿಗೆ ಸಾಲುತ್ತದೆ.