ಎಲೆಕ್ಟ್ರೋಮ್ಯಾಗ್ನೆಟ್ ಇಲ್ಲದೆ ಝೀಮನ್ ಪ್ರಯೋಗ: ನನ್ನ ಅನುಭವ

ಕಾಂತಕ್ಷೇತ್ರದಲ್ಲಿಟ್ಟ ದೀಪದ ಬೆಳಕಿನ ಒಂದು ರೇಖೆ ಹಲವಾಗಿ ಸೀಳುವುದೇ ಝೀಮನ್ ಪರಿಣಾಮ. ಅದನ್ನು ಅಳೆಯಲು ಎಂಎಸ್ಸಿ ಲ್ಯಾಬಿಗೆ ಎಲೆಕ್ಟ್ರೋಮ್ಯಾಗ್ನೆಟ್ ಮತ್ತು ಪವರ್ ಸಪ್ಲೈ ಸೇರಿ ಬಂದ ಕೊಟೇಶನ್ ಎರಡು ಲಕ್ಷದ ಆಸುಪಾಸು. ನಿಯೋಡಿಮಿಯಂ ಅಯಸ್ಕಾಂತದಲ್ಲೇ ಮಾಡೋಣ ಎಂದರೆ, "ಫೀಲ್ಡ್ ಬದಲಾಯಿಸೋದು ಹೇಗ್ರೀ?" ಅಂತ ನಕ್ಕವರೇ ಹೆಚ್ಚು. ಕರೆಂಟ್ ಬದಲು ಎರಡು ಅಯಸ್ಕಾಂತಗಳ ನಡುವಿನ ಗ್ಯಾಪ್ ಬದಲಾಯಿಸಿದರಾಯಿತು.

50×50×25 ಮಿಮೀ ಅಳತೆಯ ಎನ್42 ದರ್ಜೆಯ ನಿಯೋಡಿಮಿಯಂ ಬ್ಲಾಕ್ ಎರಡು, ಒಂದು ದವಡೆ ಸ್ಕ್ರೂ ಮೇಲೆ ಜಾರುವ ಮೈಲ್ಡ್ ಸ್ಟೀಲ್ ಯೋಕ್ (ಅಯಸ್ಕಾಂತಗಳನ್ನು ಹಿಡಿದು ಕಾಂತಕ್ಷೇತ್ರಕ್ಕೆ ದಾರಿ ಕೊಡುವ ಚೌಕಟ್ಟು). ಲೇಥ್ ಕೂಲಿಯೂ ಸೇರಿ ಹದಿನೈದು ಸಾವಿರದೊಳಗೆ ಮುಗಿಯಿತು. ತೀರಾ ಹತ್ತಿರದ ರೇಖೆಗಳನ್ನು ಬೇರೆ ಬೇರೆ ಉಂಗುರಗಳಾಗಿ ತೋರಿಸುವ ಎಟಲಾನ್ ಮೊದಲೇ ಇತ್ತು, ಅದರ ಲೆಕ್ಕ ಬೇರೆ. ಯೋಕ್‌ನಲ್ಲಿ ಮಾತ್ರ ಜಿಪುಣತನ ಸಲ್ಲದು. 12 ಮಿಮೀ ಪ್ಲೇಟಿನಲ್ಲಿ ಉಕ್ಕು ಸ್ಯಾಚುರೇಟ್ ಆಗಿ, ಅಂದರೆ ಇನ್ನಷ್ಟು ಕಾಂತಕ್ಷೇತ್ರ ಹೊರಲಾರದೆ, 10 ಮಿಮೀ ಗ್ಯಾಪಿನಲ್ಲೂ 0.75 ಟೆಸ್ಲಾ ದಾಟಲಿಲ್ಲ. 40 ಮಿಮೀ ದಪ್ಪ ಹಾಕಿದ ಮೇಲೆ 0.9ರ ಹತ್ತಿರ ಬಂತು. ಗ್ಯಾಪ್ 30 ಮಿಮೀ ಆದರೆ 0.5. ಹತ್ತಿರ ತಂದಾಗ ಎಳೆತ ಎಂಬತ್ತು ಕೆಜಿ ಭಾರದಷ್ಟು, ಮರದ ಬೆಣೆ ಕೊಡದೆ ಬೆರಳು ಹಾಕಬಾರದು. ಪ್ರತಿ ಗ್ಯಾಪಿಗೂ ಹಾಲ್ ಪ್ರೋಬನ್ನು (ಕಾಂತಕ್ಷೇತ್ರದ ಮೀಟರು) ಲ್ಯಾಂಪ್ ನಿಲ್ಲುವ ಜಾಗದಲ್ಲೇ ಇಟ್ಟು ಅಳೆಯಬೇಕು.

ಲ್ಯಾಂಪ್ ಕಡಿಮೆ ಒತ್ತಡದ ಪಾದರಸದ್ದೇ ಆಗಬೇಕು. ಬೀದಿದೀಪದ ಬಲ್ಬಿನಲ್ಲಿ ರೇಖೆಯೇ ದಪ್ಪ, ಸೀಳು ಕಾಣುವುದಿಲ್ಲ. ಈ ದರ್ಜೆಯ ಅಯಸ್ಕಾಂತ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುವುದರಿಂದ ಲ್ಯಾಂಪ್ ಅದಕ್ಕೆ ತಾಗದಂತೆ ನಿಲ್ಲಿಸಿ, ಸಣ್ಣ ಫ್ಯಾನ್ ಇಡಿ.

546.1 ನ್ಯಾನೋಮೀಟರಿನ ಹಸಿರು ರೇಖೆ ಒಂಬತ್ತಾಗಿ ಸೀಳುತ್ತದೆ. 3 ಮಿಮೀ ಸಿಲಿಕಾ ಎಟಲಾನ್‌ನ ಫ್ರೀ ಸ್ಪೆಕ್ಟ್ರಲ್ ರೇಂಜ್ (ಒಂದು ಆರ್ಡರಿನ, ಅಂದರೆ ಒಂದು ಉಂಗುರದ, ಗುರುತಿನಿಂದ ಮುಂದಿನದಕ್ಕಿರುವ ಅಂತರ) ಸೆಂಟಿಮೀಟರಿಗೆ 1.14 ಅಲೆ, 0.9 ಟೆಸ್ಲಾದಲ್ಲಿ ಸಿಗ್ಮಾ ರೇಖೆಗಳ (ಕ್ಷೇತ್ರಕ್ಕೆ ಅಡ್ಡವಾಗಿ ಕಂಪಿಸುವ ಬೆಳಕು) ತುದಿಗಳು ಎರಡೂ ಕಡೆ 0.84ರಷ್ಟು ಸರಿದು ಪಕ್ಕದ ಆರ್ಡರಿನೊಳಗೆ ನುಗ್ಗುತ್ತವೆ. ಕಾಣುವುದು ಬರೀ ಮಬ್ಬು. ಪೋಲರೈಸರನ್ನು ಕ್ಷೇತ್ರಕ್ಕೆ ಸಮಾಂತರ ತಿರುಗಿಸಿ. ಕ್ಷೇತ್ರದ ಗುಂಟ ಕಂಪಿಸುವ ಪೈ ರೇಖೆಗಳು ಮೂರೇ ಉಳಿಯುತ್ತವೆ, ನಡುವೆ 0.21ರ ಅಂತರ. ಮೇಲಿನ ಶಕ್ತಿಮಟ್ಟದ ಜಿ (ಮಟ್ಟ ಎಷ್ಟು ಸೀಳುತ್ತದೆಂದು ಹೇಳುವ ಸಂಖ್ಯೆ) 2, ಕೆಳಗಿನದು 3/2, ಹಾಗಾಗಿ ಅಂತರ ಬೋರ್ ಮ್ಯಾಗ್ನೆಟಾನ್ (ಎಲೆಕ್ಟ್ರಾನಿನ ಕಾಂತೀಯತೆ ಅಳೆಯುವ ಮೂಲಮಾನ) ಮತ್ತು ಕ್ಷೇತ್ರದ ಗುಣಲಬ್ಧದ ಅರ್ಧ.

ಕ್ಯಾಮೆರಾ ಹಳೇ ಮೊಬೈಲಿನದು. ಜೆಪೆಗ್ ನಂಬಬೇಡಿ: ಫೋನು ತಾನೇ ಅಂಚು ಚೂಪು ಮಾಡಿ ಇಲ್ಲದ ಉಂಗುರ ತೋರಿಸುತ್ತದೆ. ರಾ ಫೈಲ್ (ಫೋನು ತಿದ್ದದ ಚಿತ್ರ) ತೆಗೆದು, ಹಸಿರು ಚಾನೆಲ್ ಮಾತ್ರ ಬಳಸಿ. ಅಯಸ್ಕಾಂತದಿಂದ ಅರ್ಧ ಮೀಟರ್ ದೂರ ಇರಲಿ, ಇಲ್ಲದಿದ್ದರೆ ಫೋಕಸ್ ಹುಚ್ಚು ಹಿಡಿಯುತ್ತದೆ. ಆಮೇಲೆ ಉಂಗುರಗಳ ತ್ರಿಜ್ಯದ ವರ್ಗಗಳಿಂದ ರೇಖೆಗಳ ಅಂತರದ ಲೆಕ್ಕ, ಗೊತ್ತಿರುವುದೇ. ಎಟಲಾನ್ ಓರೆ ತೆಗೆಯಲು ನಾನು ಮಾಡುವ ಉಪಾಯ ನಮ್ಮ ಹುಡುಗರಿಗೇ ಮೀಸಲು.

ಬೋರ್ ಮ್ಯಾಗ್ನೆಟಾನ್ ಟೆಸ್ಲಾಗೆ ಸುಮಾರು 5.6×10⁻⁵ ಎಲೆಕ್ಟ್ರಾನ್ ವೋಲ್ಟ್ ಬಂತು. ನಿಜ ಬೆಲೆ 5.79. ನಕ್ಕವರೇ ಈಗ ಯೋಕ್‌ನ ಡ್ರಾಯಿಂಗ್ ಕೇಳುತ್ತಿದ್ದಾರೆ.

ಕ್ಯಾಡ್ಮಿಯಂ ಲ್ಯಾಂಪಿನ 643.8ರ ಕೆಂಪು ರೇಖೆಯನ್ನೂ ನೋಡಿದೆ, ಅಚ್ಚುಕಟ್ಟಾಗಿ ಮೂರಾಗುತ್ತದೆ. ಕ್ಷೇತ್ರದ ದಿಕ್ಕಿನಿಂದಲೇ ನೋಡಬೇಕೆಂದರೆ ಅಯಸ್ಕಾಂತದಲ್ಲಿ ತೂತು ಬೇಕು, ಈ ಸೆಟ್ಟು ಸಾಲದು. ನಿಯೋಡಿಮಿಯಂ ಕೊರೆದರೆ ಒಡೆಯುತ್ತದೆ, ಪುಡಿಗೆ ಬೆಂಕಿಯೂ ಹತ್ತುತ್ತದೆ. ನಡುವೆ ತೂತಿರುವ ರಿಂಗ್ ಮ್ಯಾಗ್ನೆಟ್ಟನ್ನೇ ತರಿಸಿ.